ಅಕ್ಕುತಾಯಿಯ ಪಾಲಿಗೆ ಬಂದ ಹೆಣಗರು

ಅಲಖನೂರಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತಮ್ಮ ತಗಡಿನ ಕೊಟ್ಟಿಗೆಯಲ್ಲಿ ಅಕ್ಕುತಾಯಿ ಮೊಣಕಾಲೂರಿ ಕೂತು, ಆಗಷ್ಟೇ ಹುಟ್ಟಿದ ಕರುವಿನ ಮೂಗಿನ ಲೋಳೆ ತೆಗೆಯುತ್ತಿದ್ದಾರೆ. ಹಳೆಯ ಕೌದಿಯ ತುಂಡಿನಿಂದ ಅದರ ಪಕ್ಕೆಗಳನ್ನು ಗಸಗಸ ತಿಕ್ಕುತ್ತಾರೆ. ಕರು ಸೀನುತ್ತದೆ. ಎಚ್.ಎಫ್. ಮಿಶ್ರತಳಿಯ ಹೆಣ್ಣು ಕರು, ಇಲ್ಲಿಯವರ ಮಾತಿನಲ್ಲಿ ಹೆಣಗರು; ಕಪ್ಪು ಮೈ, ಹಣೆಯಲ್ಲಿ ಬಿಳಿ ಮಚ್ಚೆ. ಏಳಲು ಹೋಗಿ ಮುಗ್ಗರಿಸುತ್ತದೆ.

ಬಾಗಿಲಲ್ಲಿ ಸ್ಟೀಲಿನ ಕೊಡ ಹಿಡಿದು ಗಿರಿಜವ್ವ ನಿಂತಿದ್ದಾರೆ. ಕಬ್ಬಿನ ಹೊಲವಿರುವ ಮನೆಯವರು, ಆಕಳು ಅವರದು. ಆಕಳು ಈದಾಗ ಓಣಿಗೆಲ್ಲ ಮೊದಲ ಹಾಲಿನ ಗಿಣ್ಣ ಹಂಚುವುದು ಇಲ್ಲಿಯ ಪದ್ಧತಿ, ತಪ್ಪಿದರೆ ಮನೆತನಕ್ಕೆ ಕುಂದು. “ಕಸಾ ಬೀಳೂತನಾ ಕರಕ್ಕ ಮೊಲಿ ಮುಟ್ಟಿಸಬ್ಯಾಡ ಬೇ,” ಎಂದು ಅವರು ತಾಕೀತು ಮಾಡುತ್ತಾರೆ. ಕಸ ಎಂದರೆ ಕರುವಿನ ಹಿಂದೆ ಬೀಳುವ ಮಾಸು. ಅದು ಬೀಳುವ ಮೊದಲು ಹಾಲು ಕುಡಿಸಿದರೆ ಆಕಳಿಗೆ ಕೇಡು ಎಂಬುದು ಹಿರಿಯರಿಂದ ಬಂದ ನಂಬಿಕೆ.

ಅಕ್ಕುತಾಯಿಗೆ ಸ್ವಂತ ಆಕಳಿಲ್ಲ. ಗಂಡ ಭರಮು ಕಬ್ಬು ಕಡಿಯುವ ಗುಂಪಿನಲ್ಲಿದ್ದಾರೆ. ಅಕ್ಕುತಾಯಿ ಊರವರ ಕರುಗಳನ್ನು ಪಾಲಿಗೆ ಸಾಕುತ್ತಾರೆ; ಗಿರಿಜವ್ವನವರ ಈ ಆಕಳೂ ಕರುವಾಗಿ ಹಾಗೇ ಬಂದದ್ದು. ಪಾಲಿನ ಮಾತು ಸರಳ: ಸಾಕಿದ್ದಕ್ಕೆ ಕೂಲಿಯಿಲ್ಲ, ಕರು ಬೆಳೆದು ಈದ ಮೇಲೆ ಆಕಳು ಮಾಲೀಕರಿಗೆ, ಹುಟ್ಟಿದ ಕರು ಸಾಕಿದವರಿಗೆ. ಹಿಂದೆ ಎರಡು ಸಲ ಹೋರಿಗರು ಹುಟ್ಟಿದವು, ಅವು ಹಾಲಿಗೆ ಬರುವಂಥವಲ್ಲ. ಹೋದ ವರ್ಷ ಇವರೇ ಸಾಕಿದ ಬೇರೊಬ್ಬರ ಆಕಳು ಹೆಣಗರು ಹಾಕಿತು, ಓಣಿಯೆಲ್ಲ ಗಿಣ್ಣ ತಿಂದಿತು, ನಾಲ್ಕನೇ ದಿನ ಭೇದಿಯಾಗಿ ಕರು ಸತ್ತಿತು. ಇಂದಿನದೂ ಹೋದರೆ ಮೂರು ವರ್ಷದ ದುಡಿಮೆ ಮಣ್ಣುಪಾಲು.

“ಹ್ವಾದ ವರ್ಸ ಕಸಾ ಬಿದ್ದಾಗ ಮಧ್ಯಾಹ್ನ ಆಗಿತ್ರಿ. ಮೊದಲನೇ ಹಾಲ ಊರಿಗೆ ಹೋತು, ಕರಾ ಮಣ್ಣಿಗೆ ಹೋತು,” ಎಂದು ನೋಡಲು ಬಂದ ನನಗೆ ಹೇಳುವಾಗ ಅಕ್ಕುತಾಯಿಯ ದನಿ ಗಡುಸಾಗುತ್ತದೆ. “ಗಿಣ್ಣದ ಹಾಲ ಅಂದ್ರ ಕರದ ಮೊದಲನೇ ಲಸಿಕಿ ಅಂತ ದನದ ದವಾಖಾನಿ ಶೈಲಾ ಮೇಡಮ್ ಆವಾಗ ಹೇಳಿದ್ರು. ಸೆರಗಿಗೆ ಗಂಟ ಹಾಕ್ಕೊಂಡೀನಿ.”

ಕರುಗಳಿಗೆ ದಿನಕ್ಕೆರಡು ಸಲ ಹಾಲು, ಮೂರು ಸಲ ಸಗಣಿ ಬಾಚುವುದು, ನಡುವೆ ಕಬ್ಬಿನ ಕೂಲಿ. ಕಬ್ಬಿನ ನಾಡಾದ್ದರಿಂದ ಕರುಗಳಿಗೂ ಕಬ್ಬಿನ ತುದಿಯ ವಾಡೆಯನ್ನೇ ತುಂಬುವವರು ಬಹಳ. ಅಕ್ಕುತಾಯಿ ಅದಕ್ಕೆ ನಗುತ್ತಾರೆ: “ಬರೇ ವಾಡೆ ಹಾಕಿದ್ರ ಹೊಟ್ಟಿ ಡೊಳ್ಳ ಆಕ್ಕೈತ್ರಿ, ಬೆನ್ನ ಬೆಳ್ಯಂಗಿಲ್ಲ.” ಅವರು ಗೋವಿನಜೋಳದ ನುಚ್ಚು, ಶೇಂಗಾ ಹಿಂಡಿ ಕಲಸುತ್ತಾರೆ. ಅಮಾವಾಸ್ಯೆಗೊಮ್ಮೆ ಕರುವಿನ ಎದೆಗೆ ಹಗ್ಗ ಸುತ್ತಿ ಗಂಟು ಹಾಕುತ್ತಾರೆ. ಹೋದ ತಿಂಗಳ ಗಂಟಿಗಿಂತ ಇದು ನಾಲ್ಕು ಬೆರಳು ಮುಂದೆ ಸರಿದಿದ್ದರೆ ಅಂದು ಮನೆಯಲ್ಲಿ ಹೋಳಿಗೆ, ಇಲ್ಲದಿದ್ದರೆ ಜಂತಿನ ಔಷಧಿಗೆ ಓಟ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆಂದು ಬಡಕಲು ಕರುಗಳನ್ನು ಜನ ಕೈಬಿಡುತ್ತಾರೆ; ಆ ಗಾದೆಗೆ ಈ ಹೆಂಗಸು ಸೊಪ್ಪು ಹಾಕುವುದಿಲ್ಲ. ಇವರು ಬೆಳೆಸಿದ ಆಕಳುಗಳು ಐಗಳಿ ಊರಿನವರೆಗೂ ಹೋಗಿ ಬಕೆಟ್ ತುಂಬ ಹಾಲು ಕರೆಯುತ್ತಿವೆ. ಹೆಸರು ಮಾತ್ರ ಮಾಲೀಕರದು.

ಕೊಟ್ಟಿಗೆಯಲ್ಲಿ ಕರು ಮತ್ತೆ ಬೀಳುತ್ತದೆ. ಕಿವಿಗಳು ತಣ್ಣಗಾಗುತ್ತಿವೆ. ಕಸ ಬಿದ್ದಿಲ್ಲ. ಅಕ್ಕುತಾಯಿ ಎದ್ದು ಬಿಸಿನೀರಿನಲ್ಲಿ ಕೆಚ್ಚಲು ತೊಳೆಯುತ್ತಾರೆ.

“ನನ್ನ ಆಕಳಕ್ಕ ಏನರ ಆದ್ರ?” ಗಿರಿಜವ್ವನವರ ದನಿ ಏರುತ್ತದೆ.

“ಆಕಳ ನಿಮ್ದರಿ ಅವ್ವಾರ. ಕರಾ ನಂದು.”

ಇಷ್ಟು ದಿನ ಆ ಮನೆಯವರ ಮುಂದೆ ಎದುರಾಡದ ಬಾಯಿ ಅದು. ಅಕ್ಕುತಾಯಿ ಕರುವನ್ನು ಎದೆಗವಚಿ ಎತ್ತಿ, ಆಕಳ ಮೊಲೆಯನ್ನು ಅದರ ಬಾಯಿಗೆ ಇಡುತ್ತಾರೆ. ಅದು ಉಗುಳುತ್ತದೆ. ಮತ್ತೆ ಇಡುತ್ತಾರೆ. ಆಮೇಲೆ ಚಪ್ಪರಿಸುವ ಸದ್ದು ಕೇಳುತ್ತದೆ, ಬಾಲ ಅಲ್ಲಾಡುತ್ತದೆ.

ಬಿಸಿಲೇರುವ ಹೊತ್ತಿಗೆ ಕಸ ತಾನಾಗಿ ಬೀಳುತ್ತದೆ. ಆಕಳು ಮೇವಿಗೆ ಬಾಯಿ ಹಾಕುತ್ತದೆ. ಕರು ಇನ್ನೊಮ್ಮೆ ಕುಡಿದು ಗೋಣಿಚೀಲದ ಮೇಲೆ ಮಲಗಿದೆ. ಉಳಿದ ಹಾಲು ಗಿರಿಜವ್ವನವರ ಕೊಡಕ್ಕೆ ಬೀಳುತ್ತದೆ, ಅರ್ಧ ಕೊಡ.

ನಿಮ್ಮ ಆಸೆ ಏನೆಂದು ಕೇಳುತ್ತೇನೆ. ಅಕ್ಕುತಾಯಿ ಕರುವಿನ ಬೆನ್ನು ಸವರುತ್ತಾರೆ. “ಇದ ಆಕಳಾಗಿ ಈದ ದಿನಾ ನಮ್ಮ ಮನಿ ಗಿಣ್ಣ ಊರಿಗೆಲ್ಲಾ ಹಂಚಬೇಕ್ರಿ. ನಮ್ಮ ಓಣಿಯಿಂದ ಗಿಣ್ಣ ಅವ್ವಾರ ಓಣಿಗೆ ಒಮ್ಮೆನೂ ಹೋಗಿಲ್ಲ.”

ಗಿರಿಜವ್ವ ಹೊಸ್ತಿಲಲ್ಲಿ ನಿಲ್ಲುತ್ತಾರೆ. ಕೊಡ ಸೊಂಟಕ್ಕೇರಿಸಿ ಹೇಳುತ್ತಾರೆ, “ಮೊದಲ ನಮ್ಮನಿಗೆ ಕಳಸ ಬೇ.”

ಅಕ್ಕುತಾಯಿ ತಲೆಯೆತ್ತಿ ನಗುತ್ತಾರೆ.

“ಕಳಸ್ತೀನ್ರಿ ಅವ್ವಾರ. ಕರಾ ಕುಡದ ಮ್ಯಾಲ.”