ಹಿರಿಯರ ಕಲ್ಲಿಗೆ ಡೈರಿ ಹಾಲು

ಅಜ್ಜಂಪುರದ ಆಚೆ, ನಮ್ಮೂರ ಕಾವಲಿನ ಹುಲ್ಲಿನ ನಡುವೆ ಮೊಣಕಾಲೆತ್ತರದ ಒಂದು ಕಲ್ಲಿದೆ. ಅಲ್ಲಿ ದನ ಮೇಯಿಸಿಕೊಂಡು ಬದುಕಿದ್ದ ನಮ್ಮ ಹಿರಿಯರದು. ಮನೆಯ ಹಸು ಕರು ಹಾಕಿದರೆ ಮೊದಲ ಗಿಣ್ಣುಹಾಲು ಆ ಕಲ್ಲಿಗೆ. ಎರೆದವರು ಉಳಿದದ್ದರಲ್ಲಿ ಒಂದು ಗುಟುಕು ಕುಡಿದ ಮೇಲೆಯೇ ಮನೆಯವರಿಗೆ ಹಾಲು. ಎರೆಯುತ್ತಿದ್ದವರು ನಮ್ಮ ದೊಡ್ಡಪ್ಪ. ಗಂಡುಮಕ್ಕಳಿಲ್ಲದ ಅವರು, ಮುಂದಿನ ಕರುವಿನಿಂದ ಚೊಂಬು ನಿನ್ನ ಕೈಗೆ ಎಂದು ನನಗೆ ಹೇಳಿದ್ದರು. ಐವತ್ತು ದಾಟಿದ್ದರೂ ಆ ಮಾತಿಗೆ ನನ್ನ ಎದೆ ಉಬ್ಬಿತ್ತು.

ಹೊಲದ ಕೆಲಸದ ಜೊತೆಗೆ ನಾನು ಊರು ನೋಡಲು ಬರುವವರನ್ನು ಸುತ್ತಾಡಿಸುತ್ತಿದ್ದೆ. ಬುಕ್ಕಾಂಬುಧಿಯ ಕೆರೆ, ಕಾವಲು, ಕೊನೆಗೆ ನಮ್ಮ ಮನೆಯಲ್ಲಿ ಮುದ್ದೆ ಊಟ. ಕಲ್ಲಿನ ಮುಂದೆ ನಿಂತವರು ‘ಇಷ್ಟೇನಾ?’ ಎನ್ನುವ ಮುಖ ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯಲ್ಲೇ ಒಂದು ತಂಡಕ್ಕೆ ಫೋನಿನಲ್ಲಿ ಹೇಳಿಬಿಟ್ಟೆ, ಭಾನುವಾರ ಬನ್ನಿ, ಹಾಲೆರೆಯುವುದನ್ನೇ ತೋರಿಸುತ್ತೇನೆ ಎಂದು. ಹಸುವಿಗೆ ದಿನ ತುಂಬಿತ್ತು, ಇವತ್ತೋ ನಾಳೆಯೋ ಎನ್ನುವಂತಿತ್ತು.

ಭಾನುವಾರ ಬೆಳಗಾಯಿತು. ಹಸು ಆರಾಮಾಗಿ ಮೆಲುಕು ಹಾಕುತ್ತಿತ್ತು. ದೊಡ್ಡಪ್ಪ ಕಣ್ಣಿನ ಆಪರೇಷನ್ನಿಗೆಂದು ತರೀಕೆರೆಗೆ ಹೋಗಿದ್ದವರು ಸಂಜೆಗೆ ಬರುತ್ತಾರೆಂದುಕೊಂಡಿದ್ದೆ. ಡೈರಿಯಿಂದ ಹಾಲು ತಂದು ಚೊಂಬಿಗೆ ಸುರಿದೆ. ನೋಡುವವರಿಗೆ ಯಾವ ಹಾಲಾದರೇನು ಎಂದು ನನಗೆ ನಾನೇ ಹೇಳಿಕೊಂಡೆ.

ಎಂಟು ಜನ ಫೋನು ಹಿಡಿದು ಸುತ್ತ ನಿಂತಿದ್ದರು. ಅರ್ಧ ಎರೆದಿದ್ದೆ. ಕಾಲುದಾರಿಯಲ್ಲಿ ದೊಡ್ಡಪ್ಪ ಬರುತ್ತಿದ್ದರು. ಕಪ್ಪು ಕನ್ನಡಕ, ಚಪ್ಪಲಿ ಕೈಯಲ್ಲಿ.

“ಹಸ ಕರ ಹಾಕ್ತೇನೋ?” ಎಂದರು. ಮುಖದ ತುಂಬ ನಗು. “ಬೆಳಗಿನ ಬಸ್ಸಿಗೇ ಬಂದ್ಬಿಟ್ಟೆ ಕಣೋ. ಜನ ಎಲ್ಲ ಕಾವಲ್ ಕಡೆ ಹೋದ್ರು ಅಂದ್ರು.”

ಎಂಟು ಫೋನುಗಳೂ ನಮ್ಮ ಕಡೆಗೆ ತಿರುಗಿದ್ದವು.

“ಹೂಂ” ಎಂದೆ.

“ಒಳ್ಳೇದಾಯ್ತು. ಎರಿ, ಎರಿ. ನಿಲ್ಲಿಸ್ಬೇಡ.”

ಎರೆದೆ. ಹಾಲು ಕಲ್ಲಿಗಿಂತ ನನ್ನ ಕಾಲಿಗೇ ಹೆಚ್ಚು ಬಿತ್ತು. ಉಳಿದ ಗುಟುಕನ್ನು ನಾನು ಕುಡಿದು ಮುಗಿಸಬೇಕಿತ್ತು. ಅಷ್ಟರಲ್ಲಿ ದೊಡ್ಡಪ್ಪ ಕೈ ಚಾಚಿದರು.

“ಈ ಸಲ ಒಂದ್ ಗುಟುಕು ನಂಗೂ ಇರ್ಲಿ ಕೊಡು.”

ಅವರು ಕಣ್ಣು ಮುಚ್ಚಿಕೊಂಡು ಕುಡಿದರು. ನಗು ಹೋಯಿತು. ಬಂದವರಲ್ಲಿ ಒಬ್ಬ ಹೆಣ್ಣುಮಗಳು, ರುಚಿ ನೋಡುವ ಆಸೆಯಿಂದ, “ಅಜ್ಜಾ, ನಮಗೂ ಸ್ವಲ್ಪ ಪ್ರಸಾದ ಕೊಡ್ತೀರಾ?” ಎಂದು ಕೇಳಿದಳು.

“ಕೊಡ್ಬೋದು ಕಣವ್ವ. ಡೈರಿ ಹಾಲು. ಕಾಫಿಗೂ ಆಯ್ತದೆ” ಎಂದರು.

ಫೋನುಗಳು ಒಂದೊಂದಾಗಿ ಕೆಳಗಿಳಿದವು. ದೊಡ್ಡಪ್ಪ ನನ್ನನ್ನು ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ, ಬಾಯಿ ಜೋರು ನನ್ನದು. ಬೈಯಲಿಲ್ಲ. ಹೆಗಲ ಟವೆಲ್ ತೆಗೆದು, ಮಂಡಿಯೂರಿ, ಕಲ್ಲಿನ ಮೇಲಿನ ಹಾಲನ್ನು ಒರೆಸತೊಡಗಿದರು.

“ಬಗ್ಬೇಡ ದೊಡ್ಡಪ್ಪ, ಕಣ್ಣಿಗೆ ತೊಂದ್ರೆ ಆಯ್ತದೆ. ನಾನ್ ಒರೆಸ್ತೀನಿ” ಎಂದು ಹತ್ತಿರ ಹೋದೆ.

“ನೀನ್ ಮುಟ್ಬೇಡ” ಎಂದರು.

ಕಲ್ಲು ಒಣಗುವವರೆಗೆ ಒರೆಸಿ ಎದ್ದರು. ಚೊಂಬನ್ನು ನನ್ನ ಕೈಗೆ ಕೊಡಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು, ಬರಿಗಾಲಲ್ಲಿ ತಡವರಿಸುತ್ತ ಮನೆಯ ಕಡೆ ಹೊರಟರು.