ಎರಡನೇ ಕಾರ್ಡು

ನನ್ನ ಕ್ಯಾಮೆರಾ ಮಧ್ಯಮ ದರ್ಜೆಯದು. ಇದು ನಾನು ಹೇಳಿದ್ದಲ್ಲ, ಹುಬ್ಬಳ್ಳಿಯ ಅಂಗಡಿಯವನು ಹೇಳಿದ್ದು. ಅಗ್ಗದ ಡಿಎಸ್ಎಲ್ಆರ್ ಒಂದನ್ನು ಎಡಗಡೆಗೂ ಕಣ್ಣು ಕುಕ್ಕುವಂಥದ್ದೊಂದನ್ನು ಬಲಗಡೆಗೂ ಇಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಮೇಡಂ, ನಿಮಗ ನಡುವಿಂದು ಸರಿ ಹೋಗ್ತದ ನೋಡ್ರಿ" ಎಂದ. ಐವತ್ತರ ಹೊಸ್ತಿಲಲ್ಲಿದ್ದ, ಮಧ್ಯಮ ಎತ್ತರದ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಹೆಂಗಸಿನ ಬಗ್ಗೆ ಅಷ್ಟು ಬೇಗ ಅಷ್ಟು ಸರಿಯಾಗಿ ಯಾರೂ ತೀರ್ಪು ಕೊಟ್ಟಿರಲಿಲ್ಲ. ಗಂಡ ಪಕ್ಕದಲ್ಲಿ ನಿಂತು ನಗು ನುಂಗುತ್ತಿದ್ದರು.

ನಾನು ಅದನ್ನು ಕೊಂಡದ್ದು ಮಾತ್ರ ಬೇರೆ ಕಾರಣಕ್ಕೆ. ಅಂಗಡಿಯವನು ಅದರ ಪಕ್ಕೆಯ ಮುಚ್ಚಳ ತೆಗೆದು, "ಇದರಾಗ ಎರಡು ಕಾರ್ಡ್ ಹಿಡಿತಾವ್ರಿ. ಒಂದು ಕೈ ಕೊಟ್ಟರ ಇನ್ನೊಂದರಾಗ ಅದೇ ಫೋಟೋ ಇರ್ತದ" ಎಂದ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಸ್‌ಸ್ಟಾಂಡಿನಿಂದ ಮನೆಗೆ ವಾಪಸು ಹೋಗಿ ನೋಡಿಬರುವವಳು ನಾನು. ನನ್ನಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ಯಂತ್ರ ಮಾಡಿದ್ದಾರಲ್ಲ ಎಂದು ಕಣ್ಣು ತುಂಬಿ ಬಂತು. ಅವತ್ತೇ ಎರಡು ಕಾರ್ಡು ಹಾಕಿಸಿಕೊಂಡೆ.

ಹೊನ್ನಾವರದ ನಮ್ಮ ಮನೆಯಲ್ಲಿ ಅದಕ್ಕೊಂದು ಪ್ರತ್ಯೇಕ ವಾಸ. ನಮ್ಮ ಕಡೆಯ ಮಳೆಗಾಲದಲ್ಲಿ ಚಪ್ಪಲಿಯಿಂದ ಹಿಡಿದು ಮದುವೆಯ ಸೀರೆಯವರೆಗೆ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಲೆನ್ಸಿನೊಳಗೂ ಹಿಡಿಯುತ್ತದೆ ಎಂದು ಎಲ್ಲೋ ಓದಿದ ದಿನವೇ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಪುಡಿಯ ಪೊಟ್ಟಣ, ತೇವ ಅಳೆಯುವ ಪುಟ್ಟ ಗಡಿಯಾರ ಎಲ್ಲ ತರಿಸಿದೆ. ಎದ್ದ ಕೂಡಲೇ ಆ ಗಡಿಯಾರ ನೋಡುತ್ತೇನೆ, ಆಮೇಲೆ ಚಹ. ಗಂಡ ಆ ಡಬ್ಬಿಗೆ ಐಸಿಯು ಎಂದು ಹೆಸರಿಟ್ಟಿದ್ದಾರೆ. "ಪೇಶಂಟ್ ಹೆಂಗಿದ್ದ? ಉಸಿರಾಡ್ತನಾ?" ಎಂದು ಕೇಳದ ದಿನವಿಲ್ಲ.

ಪೇಶಂಟು ಮಾಡಿದ ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಶಾಲೆಯ ಧ್ವಜಾರೋಹಣ, ಶರಾವತಿ ಸೇತುವೆಯ ಹಿಂದೆ ಮುಳುಗುವ ಸೂರ್ಯ, ಮೀನು ಒಣಗಿಸುವಲ್ಲಿ ಸುತ್ತುವ ಗರುಡ. ಕುಮಟಾದಲ್ಲಿ ಕ್ಯಾಮೆರಾ ಇರುವವರ ಬಳಗವೊಂದಿದೆ, ಅದರಲ್ಲಿ ನಾನೂ ಇದ್ದೇನೆ. ಉಳಿದವರ ಲೆನ್ಸುಗಳು ಒನಕೆಯಷ್ಟು ಉದ್ದ, ನನ್ನದು ಲಟ್ಟಣಿಗೆಯ ಹಿಡಿಯಷ್ಟು. ವರ್ಷಕ್ಕೊಮ್ಮೆ ಅವರು ಪ್ರದರ್ಶನ ಇಡುತ್ತಾರೆ. ನನ್ನ ಚಿತ್ರಕ್ಕೆ ಯಾವಾಗಲೂ ಸ್ವಿಚ್ ಬೋರ್ಡಿನ ಪಕ್ಕದ ಜಾಗ.

ಹೀಗಿರುವಾಗ ಒಂದು ದಿನ ಶಿರಾಲಿಯ ನಮ್ಮ ಶಾಲೆಯಲ್ಲಿ, ವಿಜ್ಞಾನ ಕಲಿಸುವ ಟೀಚರ್ ಊಟದ ಡಬ್ಬಿ ತಂದು ನನ್ನ ಪಕ್ಕ ಕೂತರು. ಅವರು ಭಟ್ಕಳದ ಪಕ್ಕದ ಜಾಲಿಯವರು, ನವಾಯತ ಮುಸ್ಲಿಮರು. ಎಷ್ಟೋ ವರ್ಷದಿಂದ ಒಂದೇ ಬೆಂಚಿನಲ್ಲಿ ಉಂಡವರು ನಾವು.

"ಅಕ್ಕೋರೆ, ಮಗಳ ಮದುವೆ ಗೊತ್ತಾತು. ನಿಮ್ಮ ಕ್ಯಾಮೆರಾ ತಕ್ಕಂಡು ಬರೂಕಾಗ್ತದಾ?"

ಅವರ ಮನೆಯ ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸರು ಬರುವಂತಿಲ್ಲ, ಫೋಟೋ ತೆಗೆಯುವವರೂ ಅಷ್ಟೆ. ಕೆಲವರು ಮಂಗಳೂರಿನಿಂದ ಹೆಣ್ಣುಮಕ್ಕಳನ್ನೇ ಕರೆಸುತ್ತಾರಂತೆ. ಆದರೆ ಟೀಚರ ತಾಯಿಗೆ ಗುರುತಿಲ್ಲದವರು ಬೇಡ. ಆ ಮನೆಯಲ್ಲಿ ಇದುವರೆಗೆ ಯಾವ ಮದುಮಗಳ ಫೋಟೋವನ್ನೂ ಸರಿಯಾಗಿ ತೆಗೆದೇ ಇಲ್ಲ, ಟೀಚರದ್ದೂ ಇಲ್ಲ.

"ಅಮ್ಮ ಒಂದೇ ಮಾತು ಹೇಳಿದ್ದು. ತೆಗ್ದದ್ದೆಲ್ಲ ಮನೇಲೇ ಇರ್ಬೇಕು. ಒಂದು ಫೋಟೋನೂ ಹೊಸ್ಲು ದಾಟೂಕಿಲ್ಲ."

"ದಾಟೂದಿಲ್ಲ. ಕಾರ್ಡು ನಿಮ್ಮ ಕೈಗೇ ಕೊಟ್ಟು ಬರ್ತೆ," ಎಂದು ಮಾತು ಕೊಟ್ಟೆ.

ಆಮೇಲೆ ಮದುವೆಯವರೆಗೆ ನನಗೆ ನಿದ್ದೆಯಿಲ್ಲ. ಬ್ಯಾಟರಿ ಕೈ ಕೊಟ್ಟರೆ? ಕರೆಂಟ್ ಹೋದರೆ? ನಾನೇ ಎಡವಿ ಮದುಮಗಳ ಮೇಲೆ ಬಿದ್ದರೆ? ಗಂಡ ಸಮಾಧಾನ ಹೇಳಿದರು: "ಬಿದ್ರೆ ಫೋಟೋ ತೆಗಿಯೂಕೆ ಯಾರೂ ಇರೂದಿಲ್ಲ ಬಿಡು. ಗುಟ್ಟಾಗಿ ಉಳೀತದೆ."

ಮದುವೆಮನೆಯ ಬಾಗಿಲಲ್ಲಿ ಒಂದು ಬೆತ್ತದ ಬುಟ್ಟಿ ಇತ್ತು. ಬಂದವರೆಲ್ಲ ತಮ್ಮ ಮೊಬೈಲನ್ನು ಅದರಲ್ಲಿ ಹಾಕಿ ಒಳಗೆ ಹೋಗಬೇಕು. ನಾನೂ ಹಾಕಿದೆ. ಬುಟ್ಟಿಯ ಪಕ್ಕ ಕೂತಿದ್ದ ಹೆಂಗಸು ನನ್ನ ಕೊರಳಲ್ಲಿ ನೇತಾಡುತ್ತಿದ್ದ ಕ್ಯಾಮೆರಾ ಕಡೆಗೆ ಕಣ್ಣು ದೊಡ್ಡದು ಮಾಡಿದಾಗ ಒಳಗಿನಿಂದ ಟೀಚರ್ ಕೂಗಿದರು: "ಬಿಡಿ ಬಿಡಿ, ಅವ್ರು ನಮ್ಮ ಅಕ್ಕೋರು!" ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಅಷ್ಟು ದೊಡ್ಡ ಮನೆಯಲ್ಲಿ ಕ್ಯಾಮೆರಾ ಹಿಡಿದು ನಡೆಯಬಹುದಾದವಳು ನಾನೊಬ್ಬಳೇ.

ಒಳಗೆ ಕಪ್ಪು ಬುರ್ಖಾಗಳೆಲ್ಲ ಗೂಟಕ್ಕೇರಿ ರೇಷ್ಮೆ, ಜರಿ, ಬಂಗಾರ ಹೊರಬಂದಿದ್ದವು. ನನ್ನ ವಿದ್ಯಾರ್ಥಿನಿಯರ ತಾಯಂದಿರನ್ನೇ ನಾನು ಗುರುತಿಸಲಿಲ್ಲ. ಮೊದಲ ಐದಾರು ಫೋಟೋ ತೆಗೆದು ನೋಡಿದರೆ ಬರೀ ಕತ್ತಲೆ. ಒಬ್ಬ ಹುಡುಗಿ ಮೆಲ್ಲಗೆ ಬಂದು, "ಅಕ್ಕೋರೆ, ಅದ್ರ ಮುಚ್ಚಳ..." ಎಂದಳು. ಲೆನ್ಸಿನ ಮುಚ್ಚಳ ತೆಗೆದೇ ಇರಲಿಲ್ಲ. ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ಒಳ್ಳೆಯದೇ ಆಯಿತು. ಆ ನಗುವಿನ ನಂತರ ಯಾರೂ ನನ್ನೆದುರು ಬಿಗಿದುಕೊಂಡು ನಿಲ್ಲಲಿಲ್ಲ.

ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಮದುಮಗಳನ್ನು ಸಿಂಗರಿಸುತ್ತಿದ್ದರು. ಪಶ್ಚಿಮದ ಕಿಟಕಿಯಿಂದ ಬೆಳಕು ಓರೆಯಾಗಿ ಬೀಳುತ್ತಿತ್ತು. ಭಟ್ಕಳದ ಮಲ್ಲಿಗೆಯನ್ನು ಹೆಣೆದು ಸೆರಗಿನಂತೆ ತಲೆಯಿಂದ ಇಳಿಬಿಟ್ಟಿದ್ದರು. ಅಜ್ಜಿ, ಎಂದರೆ ಟೀಚರ ತಾಯಿ, ಅದನ್ನು ತಾನೇ ಸಿಕ್ಕಿಸಬೇಕೆಂದು ಎಲ್ಲರನ್ನೂ ದೂರ ಸರಿಸಿ, ಪಿನ್ನೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೊಮ್ಮಗಳ ಮೇಲೆ ಬಾಗಿದ್ದರು. ಪಿನ್ನು ಕಚ್ಚಿಕೊಂಡೇ ಅವರ ಭಾಷೆಯಲ್ಲಿ ಏನೋ ಬೈದರು. ಮದುಮಗಳಿಗೆ ನಗು ತಡೆಯಲಾಗಲಿಲ್ಲ. ತಲೆ ಅಲ್ಲಾಡಿಸಬಾರದು, ಆದ್ದರಿಂದ ಅವಳು ಕಣ್ಣು ಮುಚ್ಚಿ, ಭುಜ ಕುಲುಕಿಸುತ್ತ ನಕ್ಕಳು. ಅಜ್ಜಿಯ ಕೈ ಅವಳ ಹಣೆಯ ಮೇಲೆ ನಿಂತಿತು. ನಾನು ಒತ್ತಿದೆ.

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅದನ್ನು ನೋಡಿದೆ. ಇಷ್ಟು ವರ್ಷ ಸೂರ್ಯನನ್ನೂ ಗರುಡನನ್ನೂ ಅಟ್ಟಿಸಿಕೊಂಡು ಹೋದವಳಿಗೆ ಅದರಲ್ಲಿ ಏನಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹಣೆಯ ಮೇಲಿನ ಆ ಕೈಯ ಒಂದೊಂದು ನಿರಿಗೆಗೂ ಬೆಳಕು ಬಿದ್ದಿತ್ತು. ಫೋಟೋ ಒಂಚೂರೂ ಅಲ್ಲಾಡಿರಲಿಲ್ಲ.

ಸಂಜೆ ಹೊರಡುವ ಮೊದಲು ಕಾರ್ಡು ತೆಗೆದು ಟೀಚರ ಕೈಗೆ ಕೊಟ್ಟೆ. ಅವರು ಅದನ್ನು ಬಂಗಾರದ ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿದರು. ಬಿರಿಯಾನಿ ಬೇಡವೆಂದ ನನಗೆ ಸಿಹಿ ಕಟ್ಟಿಕೊಟ್ಟರು. ಮನೆಗೆ ಬಂದು ರಾಣಿಯಂತೆ ಕುರ್ಚಿಯಲ್ಲಿ ಕೂತು ಗಂಡನಿಗೆ ವರದಿ ಒಪ್ಪಿಸುತ್ತ, ಪೇಶಂಟನ್ನು ಐಸಿಯುಗೆ ಸೇರಿಸುವ ಮೊದಲು ಒರೆಸಲೆಂದು ಪಕ್ಕೆಯ ಮುಚ್ಚಳ ತೆಗೆದೆ.

ಎರಡನೇ ಕಾರ್ಡು ಅಲ್ಲೇ ಇತ್ತು.

ಒಂದು ಕೈ ಕೊಟ್ಟರೆ ಇರಲಿ ಎಂದು ಅಷ್ಟು ವರ್ಷದಿಂದ ಸುಮ್ಮನೆ ಕೂತಿದ್ದ ಕಾರ್ಡು. ಕೊಟ್ಟು ಬಂದದ್ದೆಲ್ಲ ಅದರಲ್ಲೂ ಇತ್ತು. ಹೊಸ್ತಿಲು ದಾಟಬಾರದ ಫೋಟೋಗಳು ಹೊಸ್ತಿಲಷ್ಟೇ ಅಲ್ಲ, ತಾಲೂಕನ್ನೇ ದಾಟಿ ಬಂದಿದ್ದವು.

"ಅಳಿಸಿ ಹಾಕು, ಮುಗೀತು. ಯಾರಿಗೆ ಗೊತ್ತಾಗ್ತದೆ?" ಎಂದರು ಗಂಡ.

"ಅಳಿಸಿದ್ದು ವಾಪಸ್ ಬರ್ತದಂತೆ. ಓದಿದ್ದೆ."

"ಹಂಗಾರೆ ಒಲೆಗೆ ಹಾಕು."

"ಹಾಕಿದ್ದೆ ಅಂತ ಅವ್ರಿಗೆ ಹೆಂಗೆ ಗೊತ್ತಾಗೂದು?"

"ಇತ್ತು ಅಂತ್ಲೇ ಗೊತ್ತಿಲ್ವಲ್ಲೆ ಮಾರಾಯ್ತಿ!"

ಅವರು ಹೇಳಿದ್ದು ತರ್ಕಕ್ಕೆ ಸರಿಯಾಗಿಯೇ ಇತ್ತು. ನನಗೆ ಗೊತ್ತಿತ್ತು ಎಂಬುದೊಂದೇ ತೊಂದರೆ. ಅದೇ ಹೊತ್ತಿಗೆ ಮೊಬೈಲು ಟಿಂಗೆಂದಿತು. ಕುಮಟಾದ ಬಳಗದಿಂದ ಸಂದೇಶ: ಪ್ರದರ್ಶನಕ್ಕೆ ನಿಮ್ಮ ಅತ್ಯುತ್ತಮ ಚಿತ್ರ ಕಳಿಸಿ. ಅತ್ಯುತ್ತಮ ಚಿತ್ರ ನನ್ನ ಅಂಗೈಯಲ್ಲೇ ಇತ್ತು, ಉಗುರಿನ ಎರಡರಷ್ಟು ಅಗಲದ ಚೂರಿನಲ್ಲಿ. ಸ್ವಿಚ್ ಬೋರ್ಡಿನ ಪಕ್ಕದಿಂದ ನಡುಗೋಡೆಗೆ ಹೋಗುವ ದಾರಿ ಅದು. ಒಮ್ಮೆ ಕಂಪ್ಯೂಟರಿಗೆ ಹಾಕಿ ದೊಡ್ಡದಾಗಿ ನೋಡೋಣವೆನಿಸಿತು. ನೋಡಿದರೆ ಇಟ್ಟುಕೊಳ್ಳಬೇಕೆನಿಸುತ್ತದೆ ಎಂದು ನನ್ನ ಮೇಲೇ ಅನುಮಾನ ಬಂದು, ಟೀಚರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ.

ಅವರು, "ನಾಳೆ ಬನ್ನಿ ಅಕ್ಕೋರೆ. ಅಮ್ಮಂಗೆ ನೀವೇ ಹೇಳಿ," ಎಂದರು. ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ.

ಕಾರ್ಡನ್ನು ಕುಂಕುಮದ ಭರಣಿಯಲ್ಲಿಟ್ಟು, ಭರಣಿಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬ್ಯಾಗಿನಲ್ಲಿಟ್ಟು ಬಸ್ಸು ಹತ್ತಿದೆ. ಮಂಕಿಯಲ್ಲಿ ತೆಗೆದು ನೋಡಿದೆ, ಇತ್ತು. ಶಿರಾಲಿಯಲ್ಲಿ ನೋಡಿದೆ, ಇತ್ತು. ಪಕ್ಕದಲ್ಲಿದ್ದ ಮೀನಿನ ಬುಟ್ಟಿಯ ಹೆಂಗಸು, "ಎಂತ ಅಕ್ಕೋರೆ, ಬಂಗಾರನಾ?" ಎಂದಳು. "ಅದಕ್ಕಿಂತ ಹೆಚ್ಚಿಂದು" ಎಂದೆ. ಅವಳು ನನ್ನಿಂದ ಸ್ವಲ್ಪ ಸರಿದು ಕೂತಳು.

ಅಜ್ಜಿ ಮಂಚದ ಮೇಲೆ ಕೂತಿದ್ದರು. ನಾನು ನಿಂತೇ ಎಲ್ಲ ಹೇಳಿದೆ, ಟೀಚರ್ ಅವರ ಭಾಷೆಗೆ ತಂದರು. ಪಕ್ಕದ ಮನೆಯ ಕೊಂಕಣಿ ಕೇಳಿ ಬೆಳೆದ ನನಗೆ, ಕೊಂಕಣಿಗೆ ಹತ್ತಿರದ ಅಜ್ಜಿಯ ಮಾತು ಅರ್ಧಕ್ಕರ್ಧ ತಿಳಿಯುತ್ತಿತ್ತು. ಭಯಪಡಲು ಅಷ್ಟು ಸಾಕು. ಕುಂಕುಮ ಮೆತ್ತಿ ಕೆಂಪಾಗಿದ್ದ ಕಾರ್ಡನ್ನು ಅವರು ಅಂಗೈಯಲ್ಲಿ ಹಿಡಿದು ಹೊರಳಿಸಿ ನೋಡಿದರು.

"ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಯಾಕೆ ತಂದ್ರಿ ಅಂತ ಕೇಳ್ತಾರೆ," ಎಂದರು ಟೀಚರ್.

"ನಂಗೆ ಊಟ ಸೇರೂದಿಲ್ಲ ಅಂತ ಹೇಳಿ."

ಅಜ್ಜಿ ಜೋರಾಗಿ ನಕ್ಕರು. ಟೀಚರೂ ನಗುತ್ತಲೇ ಹೇಳಿದರು: "ಇಂಥಾ ಹೆದ್ರುಪುಕ್ಲಿ ಸಿಕ್ಕಿದ್ದು ಪುಣ್ಯ ಅಂತಾರೆ. ಬೀಗ ತಕ್ಕಂಬೂ ದುಡ್ಡು ಉಳೀತಂತೆ."

ನನ್ನ ಹೆದರುಬುರುಕತನವನ್ನು ಇಡೀ ಬಾಳಿನಲ್ಲಿ ಒಬ್ಬರು ಹೊಗಳಿದ್ದು ಅದೇ ಮೊದಲು.

ಆಮೇಲೆ ಟೀಚರ ಲ್ಯಾಪ್‌ಟಾಪಿನಲ್ಲಿ ಎಲ್ಲ ಫೋಟೋ ನೋಡಿದೆವು. ಮುಚ್ಚಳದ ಕತ್ತಲೆಯನ್ನೂ ನೋಡಿದರು. ಕಿಟಕಿಯ ಬೆಳಕಿನದು ಬಂದಾಗ ಅಜ್ಜಿ ಕೈಯೆತ್ತಿ ನಿಲ್ಲಿಸಿದರು. ತನ್ನ ಕೈಯನ್ನೇ ಪರದೆಯ ಮೇಲೆ ಮುಟ್ಟಿದರು. ಮೊಮ್ಮಗಳು ಅಂದು ಬೆಳಿಗ್ಗೆಯಷ್ಟೇ ಗಂಡನೊಂದಿಗೆ ದುಬೈಗೆ ಹೊರಟಿದ್ದಳು.

ಅದು ಕಾಗದದಲ್ಲಿ ಬೇಕು ಎಂದರು. ಆದರೆ ಪ್ರಿಂಟ್ ಎಲ್ಲಿ ಹಾಕಿಸುವುದು? ಭಟ್ಕಳದಿಂದ ಕುಮಟಾದವರೆಗೆ ನನಗೆ ಗೊತ್ತಿರುವ ಎಲ್ಲ ಸ್ಟುಡಿಯೋಗಳಲ್ಲೂ ಕೂತಿರುವವರು ಗಂಡಸರು. ಕೊನೆಗೆ ಮದುಮಗಳೇ ದುಬೈಯಿಂದ ಒಂದು ಪುಟ್ಟ ಪ್ರಿಂಟರ್ ಕಳಿಸಿದಳು. ಅದು ಬರುವಷ್ಟರಲ್ಲಿ ಕುಮಟಾದ ಪ್ರದರ್ಶನ ಮುಗಿದಿತ್ತು. ನಾನು ಗರುಡನನ್ನು ಕಳಿಸಿದ್ದೆ. ಒನಕೆ ಲೆನ್ಸಿನ ಡಾಕ್ಟರರೊಬ್ಬರು, "ಇದೇನಾ ಅಕ್ಕೋರೆ, ನಿಮ್ಮ ಬೆಸ್ಟು?" ಎಂದು ಕೇಳಿದ್ದರು.

"ಅಲ್ಲ."

"ಮತ್ತೆ ಬೆಸ್ಟ್ ಎಲ್ಲಿ? ನಮಗೂ ತೋರ್ಸಿ."

"ನಿಮಗೆ ಕಾಂಬೂಕೆ ಸಿಗೂದಿಲ್ಲ," ಎಂದೆ. ಇಷ್ಟು ಗರ್ವದಿಂದ ನಾನು ಯಾರಿಗೂ ಉತ್ತರ ಕೊಟ್ಟವಳಲ್ಲ.

ಪ್ರಿಂಟರ್ ಬಂದ ದಿನ ಜಾಲಿಗೆ ಹೋದೆ. ಮೊದಲ ಹಾಳೆ ಹಸಿರಾಯಿತು, ಎರಡನೆಯದು ಸೊಟ್ಟಗೆ ಬಂತು. ಮೂರನೆಯದು ನಿಧಾನವಾಗಿ, ಮೊದಲು ಮಲ್ಲಿಗೆ, ಆಮೇಲೆ ಕೈ, ಆಮೇಲೆ ಆ ನಗು ಎಂದು ಹೊರಬಂತು. ಅಜ್ಜಿ ಒಣಗುವ ತನಕ ಯಾರಿಗೂ ಮುಟ್ಟಲು ಬಿಡಲಿಲ್ಲ. ಚಾವಡಿಯ ಗೋಡೆಗೆ ಹಾಕುವಂತಿಲ್ಲ, ಅಲ್ಲಿ ಎಲ್ಲರೂ ಬರುತ್ತಾರೆ. ಅವರು ತಮ್ಮ ಕೋಣೆಯ ಕಪಾಟು ತೆರೆದು, ಬಾಗಿಲಿನ ಒಳಬದಿಗೆ, ತಮ್ಮ ಕಣ್ಣಿನ ಎತ್ತರಕ್ಕೆ ಸರಿಯಾಗಿ ಅಂಟಿಸಿದರು. ಕಪಾಟು ಮುಚ್ಚಿ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹೊರಡುವಾಗ ನಾನು ಕೋಣೆಯ ಬಾಗಿಲಲ್ಲಿ ನಿಂತೆ. ಇನ್ನೊಮ್ಮೆ ನೋಡುತ್ತೇನೆ ಎಂದು ಕೇಳಲು ನಾಚಿಕೆ. ಅಜ್ಜಿ ನನ್ನ ಮುಖ ನೋಡಿ ಕೀಲಿ ತೆಗೆದರು.