ಅತ್ತೆ ಫೋನ್ ಕಟ್ ಮಾಡಿದರು

ನಾನು ಕೊಯಮತ್ತೂರಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಹೋದ ವರ್ಷ ನಮಗೆ ಗೊತ್ತಿದ್ದ ಒಂದು ಕ್ಲಿನಿಕ್ಕಿನ ಕಂಪ್ಯೂಟರುಗಳನ್ನೆಲ್ಲ ಯಾರೋ ಎಲ್ಲಿಂದಲೋ ಲಾಕ್ ಮಾಡಿಬಿಟ್ಟರು. ಯಾವ ಮಾತ್ರೆ ನುಂಗುತ್ತೀರಿ ಎಂದು ರೋಗಿಗಳನ್ನೇ ಕೇಳುವ ಗತಿ ಅಲ್ಲಿನ ಡಾಕ್ಟರಿಗೆ ಬಂತು. ಎಲ್ಲರೂ "ಬಿಳೀದು, ದುಂಡಗಿರುತ್ತೆ" ಅಂದರಂತೆ. ನಮ್ಮ ದೊಡ್ಡ ಡಾಕ್ಟರು ಹೆದರಿ, ಎಲ್ಲರಿಗೂ ಎಚ್ಚರಿಕೆ ಹೇಳಿಕೊಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಮೊದಲ ಪ್ರಯೋಗ ಸೂಲೂರಿನ ನಮ್ಮ ಮನೆಯಲ್ಲೇ. ಅತ್ತೆಗೆ ಬೀಪಿ, ತೋರಿಸುವುದು ನಮ್ಮ ಆಸ್ಪತ್ರೆಯಲ್ಲೇ. ಆಯುಷ್ಯವೆಲ್ಲ ಮಗ್ಗದ ಸದ್ದಿನಲ್ಲಿ ಕಳೆದವರಾದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ. ಫೋನಿಗೆ ಓಟಿಪಿ ಬಂದರೆ ಇಡೀ ಬೀದಿಗೆ ಗೊತ್ತು.

"ನನ್ ಬೀಪಿನ ಯಾರಾದ್ರೂ ಕದೀತಾರಾ ಅಮ್ಮಣಿ? ತಕ್ಕೊಂಡೋಗ್ಲಿ ಬಿಡು, ನನಗೂ ನೆಮ್ಮದಿ," ಅಂದರು.

"ಹಂಗಲ್ಲ ಅತ್ತೆ. ಕದ್ದೋನು ಫೋನ್ ಮಾಡಿ, ನಿಮ್ ಮಾತ್ರೆ ಹೆಸರು ಹೇಳಿ, ನಾನು ಆಸ್ಪತ್ರೆಯೋನು ಅಂತ ನಂಬಿಸ್ತಾನೆ. ಆಮೇಲೆ ಒಂದೊಂದೇ ಕೇಳ್ತಾನೆ. ನಮ್ಮೋರ ದನೀಲೇ ಮಾತಾಡೋರೂ ಇದಾರೆ."

ಇದು ಅವರಿಗೆ ನಾಟಿತು. ನಾಟಿದ್ದು ಎಷ್ಟು ಆಳ ಎನ್ನುವುದು ಮುಂದಿನ ತಪಾಸಣೆಯಲ್ಲಿ ತಿಳಿಯಿತು. ಹೊಸ ಡಾಕ್ಟರು ಹೆಸರು, ವಯಸ್ಸು ಕೇಳಿದರೆ, ಅತ್ತೆ ತಮಿಳಿನಲ್ಲಿ "ಮೊದಲು ನಿಮ್ಮ ಐಡಿ ಕಾರ್ಡು ತೋರಿಸಿ" ಅಂದರು. ಅವರು ತೋರಿಸಿದರು. "ಇದರಲ್ಲಿ ಮೀಸೆ ಇಲ್ವಲ್ಲ?" ಪಾಪ, ಆ ಹುಡುಗ ಮೀಸೆ ಬಿಟ್ಟದ್ದು ಯಾವಾಗ ಅಂತ ವಿವರಿಸಬೇಕಾಯಿತು. ಆಮೇಲೇ ಪರೀಕ್ಷೆಗೆ ರಕ್ತ ಕೊಟ್ಟು ಅತ್ತೆ ಬಸ್ಸು ಹತ್ತಿದರು.

ಮಧ್ಯಾಹ್ನ ಲ್ಯಾಬಿನ ಹುಡುಗಿ ನನ್ನ ಮೇಜಿಗೆ ಓಡಿ ಬಂದಳು. ಅತ್ತೆಯ ರಕ್ತದಲ್ಲಿ ಪೊಟ್ಯಾಸಿಯಂ ತುಂಬಾ ಇಳಿದಿದೆ, ಹೃದಯಕ್ಕೇ ಅಪಾಯ, ಕೂಡಲೇ ಬರಬೇಕು. ಆದರೆ ಅವಳು ಫೋನ್ ಮಾಡಿ ಗುರುತಿಗೆಂದು ಹುಟ್ಟಿದ ದಿನ ಕೇಳುತ್ತಿದ್ದಂತೆ ಅತ್ತೆ ಇಟ್ಟುಬಿಟ್ಟರಂತೆ. ಡಾಕ್ಟರೇ ಮಾಡಿದರೆ "ಎಲ್ಲಾ ಕಳ್ಳನೂ ಡಾಕ್ಟರೇ" ಎಂದು ನಂಬರನ್ನೇ ಬ್ಲಾಕ್ ಮಾಡಿದ್ದರು.

ನಾನು ಮಾಡಿದೆ. "ಅತ್ತೆ, ನಾನು!"

"ನಿನ್ ದನೀಲೂ ಮಾತಾಡ್ತಾರೆ ಅಂತ ನೀನೇ ಹೇಳಿದ್ದೆ. ನಿನ್ನೆ ರಾತ್ರಿ ಏನ್ ಸಾರು, ಹೇಳು?"

ಅವಸರದಲ್ಲಿ ಬಾಯಿಗೆ ಬಂದದ್ದನ್ನು ಅಂದೆ. "ಹುರುಳಿ ಸಾರು!"

"ಅದು ಮೊನ್ನೆ," ಎಂದು ಅತ್ತೆ ಕಟ್ ಮಾಡಿದರು.

ಸ್ಕೂಟರಿನಲ್ಲಿ ಸೂಲೂರಿಗೆ ಧಾವಿಸಿದೆ. ದಾರಿಯುದ್ದಕ್ಕೂ ನನಗೆ ಭಯವೂ ಕೋಪವೂ ಒಟ್ಟಿಗೆ. ಅತ್ತೆ ಜಗುಲಿಯಲ್ಲಿ ಕೂತು, ಕಾಲು ಜೋಮು ಹಿಡಿದಿದೆ ಎಂದು ಉಜ್ಜಿಕೊಳ್ಳುತ್ತ, ಅಷ್ಟು ಕಳ್ಳರನ್ನು ಓಡಿಸಿದ ಕತೆಯನ್ನು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ನನ್ನ ಮುಖ ಕಂಡ ಮೇಲೇ ನಂಬಿದರು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಬೀಪಿ ಮಾತ್ರೆ ಬದಲಾಯಿಸಿದರು. ಸಂಜೆಗೆ ಚೇತರಿಸಿಕೊಂಡ ಅತ್ತೆ, ನೋಡಲು ಬಂದ ದೊಡ್ಡ ಡಾಕ್ಟರನ್ನೇ ಹಿಡಿದರು. "ಕಳ್ಳನೂ ಹುಟ್ಟಿದ ದಿನ ಕೇಳ್ತಾನೆ, ನೀವೂ ಅದನ್ನೇ ಕೇಳ್ತೀರಿ. ನಾನು ಯಾರನ್ನ ಅಂತ ನಂಬಲಿ?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ಡ್ರಿಪ್ಪಿನ ಬಾಟಲಿ ನೋಡಿದೆ. ರೋಗಿಗಳು ಏನು ಮಾಡಬಾರದು ಅಂತ ಇಷ್ಟು ದಿನ ಹೇಳಿದ್ದೇ ಹೇಳಿದ್ದು. ನಾವು ಫೋನಿನಲ್ಲಿ ಹೇಗೆ ಮಾತಾಡುತ್ತೇವೆ ಅಂತ ಯಾರೂ ಯೋಚಿಸಿರಲಿಲ್ಲ.

ಈಗ ನಮ್ಮಲ್ಲಿ ಫೋನಿನಲ್ಲಿ ಯಾರನ್ನೂ ಏನೂ ಕೇಳುವುದಿಲ್ಲ. "ನಿಮ್ಮ ಫೈಲಿನ ಮೇಲಿರುವ ನಂಬರಿಗೆ ನೀವೇ ಕರೆ ಮಾಡಿ" ಅಂದು ಇಟ್ಟುಬಿಡುತ್ತಾರೆ. ಅತ್ತೆಗೆ ಈ ಏರ್ಪಾಡು ಬಹಳ ಹಿಡಿಸಿದೆ. ಮೊನ್ನೆ ರಿಸೆಪ್ಷನ್ನಿನವಳು ನಗುತ್ತಾ ಹೇಳಿದಳು: ಅತ್ತೆ ಫೋನ್ ಮಾಡಿ, "ನೀವು ನನಗೆ ಫೋನ್ ಮಾಡಿದ್ರಾ?" ಎಂದು ಕೇಳಿದರಂತೆ. ಇಲ್ಲವೆಂದಾಗ, "ಸರಿ ಅಮ್ಮಣಿ, ಮಾಡೋದಿದ್ರೆ ಈಗ್ಲೇ ಹೇಳ್ಬಿಡು, ಆಮೇಲೆ ನಾನು ಎತ್ತಲ್ಲ," ಅಂದರಂತೆ.